ತಗಡು, ತೆರೆ, ಕಡತ: ಜ್ಯೋತಿ ಭಟ್ಟರ ಮುದ್ರಣಚಿತ್ರಗಳು ಮತ್ತು ಮೂಲಪ್ರತಿಯ ಪ್ರಶ್ನೆ

ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವಾಂಸರಿಗೆ ಮಾತೃಕೆ, ಪ್ರತಿ, ಪಾಠಾಂತರ ಎಂಬ ಪರಿಭಾಷೆಗಳು ಅಪರಿಚಿತವಲ್ಲ. ಕವಿಯ ಸ್ವಹಸ್ತಪ್ರತಿ ನಷ್ಟವಾಗಿ, ಲಿಪಿಕಾರರು ಪ್ರತಿಯಿಂದ ಪ್ರತಿ ಮಾಡಿದ ಓಲೆಗಳು ಮಾತ್ರ ಉಳಿದಿರುವಾಗ, ಅವುಗಳ ಪರಸ್ಪರ ಸಂಬಂಧವನ್ನು ಗುರುತಿಸಿ ಕವಿಪಾಠಕ್ಕೆ ಸಮೀಪವಾದುದನ್ನು ಕಟ್ಟಿಕೊಡುವುದು ಸಂಪಾದಕನ ಹೊಣೆ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' (1964) ಪ್ರಕಟವಾದಂದಿನಿಂದ ಈ ಶಾಸ್ತ್ರ ನಮ್ಮ ಸ್ನಾತಕೋತ್ತರ ಪಠ್ಯಕ್ರಮದ ಭಾಗವೇ ಆಗಿದೆ. ಚಿತ್ರಕಲೆಯ ಅಧ್ಯಯನದಲ್ಲಿ ಇಂಥ ಪ್ರಶ್ನೆಗಳಿಗೆ ಎಡೆಯಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ತೈಲಚಿತ್ರವೊಂದು ಇರುವುದು ಒಂದೇ. ಅದು ಒಂದು ಗೋಡೆಯ ಮೇಲಿದ್ದರೆ ಇನ್ನೊಂದು ಗೋಡೆಯ ಮೇಲೆ ಇರಲಾರದು. ಆದರೆ ಚಿತ್ರಕಲೆಯಲ್ಲಿಯೇ ಒಂದು ಶಾಖೆಯಿದೆ. ಅಲ್ಲಿ ಪ್ರತಿಯೇ ಕೃತಿ. ಮಾತೃಕೆಯು ಕೇವಲ ಸಾಧನ. ಅದು ಮುದ್ರಣಚಿತ್ರಕಲೆ.

ಪ್ರಸ್ತುತ ಲೇಖನವು ಈ ಶಾಖೆಯ ಹಿರಿಯ ಭಾರತೀಯ ಕಲಾವಿದರಲ್ಲೊಬ್ಬರಾದ ಜ್ಯೋತಿ ಭಟ್ಟರ ಸಾಧನೆಯನ್ನು ಮುಂದಿಟ್ಟುಕೊಂಡು, ಲೋಹದ ತಗಡಿನಿಂದ ಗಣಕದ ಕಡತದವರೆಗಿನ ಪಯಣದಲ್ಲಿ 'ಮೂಲ' ಎಂಬ ಕಲ್ಪನೆ ಏನಾಯಿತು ಎಂಬುದನ್ನು ಪರಿಶೀಲಿಸುತ್ತದೆ. ಪರಿಭಾಷೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ಕನ್ನಡದ ಕಲಾಬರಹಗಳಲ್ಲಿ 'ಮುದ್ರಣ ಕಲೆ' ಎಂಬ ಪದ ರೂಢಿಯಲ್ಲಿದೆ. ಅದನ್ನು ಓದಿದ ಸಾಹಿತ್ಯದ ವಿದ್ಯಾರ್ಥಿಗೆ ಮುದ್ರಣಾಲಯ, ಅಚ್ಚುಮೊಳೆ, ಕರಡು ತಿದ್ದುವಿಕೆಗಳೇ ನೆನಪಾಗುತ್ತವೆ. ಆದಕಾರಣ ಇಲ್ಲಿ 'ಮುದ್ರಣಚಿತ್ರ' ಎಂಬ ರೂಪವನ್ನು ಬಳಸಲಾಗಿದೆ. ಚಿತ್ರವನ್ನು ಹೊತ್ತ ತಗಡು, ಮರ, ಕಲ್ಲು, ಬಟ್ಟೆಯ ತೆರೆ ಇವುಗಳಿಗೆ 'ಮಾತೃಕೆ' ಎಂಬ ನಮ್ಮ ಹಳೆಯ ಪದವೇ ಸಾಕು. ಹೊಸ ಪದವನ್ನು ಟಂಕಿಸುವ ಅಗತ್ಯ ಕಾಣದು.

1

ಜ್ಯೋತಿ ಭಟ್ಟರು 1934ರಲ್ಲಿ ಗುಜರಾತಿನ ಭಾವನಗರದಲ್ಲಿ ಜನಿಸಿದರು. ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ಆರಂಭವಾದಾಗ ಸೇರಿದ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ.ಜಿ. ಸುಬ್ರಮಣ್ಯನ್ ಇವರಂಥ ಗುರುಗಳು ಅವರಿಗೆ ದೊರೆತರು. (ಈ ಬೇಂದ್ರೆಯವರು ಇಂದೋರಿನಲ್ಲಿ ಹುಟ್ಟಿದ ಚಿತ್ರಕಾರರು, ನಮ್ಮ ವರಕವಿಯ ಹೆಸರಿನೊಡನೆ ಗೊಂದಲ ಬೇಡ.) ರಾಜಸ್ಥಾನದ ಬನಸ್ಥಲಿ ವಿದ್ಯಾಪೀಠದಲ್ಲಿ ಭಿತ್ತಿಚಿತ್ರದ ತರಬೇತಿಯನ್ನೂ ಪಡೆದ ಭಟ್ಟರು 1960ರ ದಶಕದ ಆರಂಭದಲ್ಲಿ ಇಟಲಿಯ ನೇಪಲ್ಸ್ ನಗರದ ಕಲಾ ಅಕಾಡೆಮಿಯಲ್ಲಿಯೂ, 1964ರಿಂದ 1966ರವರೆಗೆ ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿಯೂ ಅಧ್ಯಯನ ಮಾಡಿದರು. ಈ ನಡುವೆ 1963ರಲ್ಲಿ ದೆಹಲಿಯಲ್ಲಿ ನಡೆದ 'ಗ್ರೂಪ್ 1890' ಪ್ರದರ್ಶನದಲ್ಲಿ ಜೆ. ಸ್ವಾಮಿನಾಥನ್, ಗುಲಾಮ್ ಮೊಹಮ್ಮದ್ ಶೇಖ್, ಜೆರಾಮ್ ಪಟೇಲ್ ಮೊದಲಾದವರೊಡನೆ ಪಾಲ್ಗೊಂಡರು. ಆ ಗುಂಪಿನ ಹೆಸರಿನಲ್ಲಿರುವುದು ಇಸವಿಯಲ್ಲ, ಭಾವನಗರದ ಮನೆಯೊಂದರ ಸಂಖ್ಯೆ. ಕಲಾವಿದರು ಮೊದಲು ಸಭೆ ಸೇರಿದ್ದು ಆ ಮನೆಯಲ್ಲಿ. ಪ್ರದರ್ಶನದ ಪುಸ್ತಿಕೆಗೆ ಮುನ್ನುಡಿ ಬರೆದವರು ಮೆಕ್ಸಿಕೋದ ಕವಿ ಆಕ್ಟೇವಿಯೊ ಪಾಜ್.

1966ರಲ್ಲಿ ಬರೋಡೆಗೆ ಮರಳಿದಾಗ ಭಟ್ಟರ ಬಳಿಯಿದ್ದ ದೊಡ್ಡ ಗಳಿಕೆಯೆಂದರೆ ಇಂಟಾಗ್ಲಿಯೊ ವಿಧಾನದ ಗಾಢ ಪರಿಚಯ. ಅವರ ಉತ್ಸಾಹದಿಂದ ಸಹೋದ್ಯೋಗಿಗಳೂ ಕಿರಿಯರೂ ತಗಡನ್ನು ಕೈಗೆತ್ತಿಕೊಂಡರು. ಬರೋಡೆಯ ಮುದ್ರಣಚಿತ್ರ ವಿಭಾಗಕ್ಕೆ ಅನಂತರದ ದಶಕಗಳಲ್ಲಿ ದೊರೆತ ಮನ್ನಣೆಯ ಹಿಂದೆ ಅವರ ದೀರ್ಘಕಾಲದ ಅಧ್ಯಾಪನವಿದೆ. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಜೀವನವಿವರ ಇಷ್ಟು ಸಾಕು.

2

ಇಂಟಾಗ್ಲಿಯೊ ಎಂದರೆ ಕೊರೆದ ತಗ್ಗಿನೊಳಗಿನ ಮಸಿಯಿಂದ ಮುದ್ರಿಸುವ ವಿಧಾನ. ಅಚ್ಚುಮೊಳೆಯಲ್ಲಿಯೂ ಮರದಚ್ಚಿನಲ್ಲಿಯೂ ಉಬ್ಬಿದ ಭಾಗ ಮಸಿಯನ್ನು ಹೊರುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧ. ತಾಮ್ರ ಅಥವಾ ಸತುವಿನ ತಗಡಿನ ಮೇಲೆ ಮೇಣ, ರಾಳ, ಡಾಂಬರುಗಳ ಮಿಶ್ರಣವನ್ನು ತೆಳುವಾಗಿ ಲೇಪಿಸಿ, ಸೂಜಿಯಿಂದ ಗೆರೆಯೆಳೆದು ಲೋಹವನ್ನು ಬಯಲುಮಾಡುತ್ತಾರೆ. ತಗಡನ್ನು ಆಮ್ಲದಲ್ಲಿ ಮುಳುಗಿಸಿದಾಗ ಬಯಲಾದ ಗೆರೆಯಷ್ಟೇ ಕೊರೆಯಲ್ಪಡುತ್ತದೆ. ಎಷ್ಟು ಹೊತ್ತು ಮುಳುಗಿಸಿದರೆ ಅಷ್ಟು ಆಳ. ಆಳ ಹೆಚ್ಚಿದಷ್ಟೂ ಕಪ್ಪು ದಟ್ಟ. ಗೆರೆಯ ಬದಲು ಛಾಯೆ ಬೇಕಾದಲ್ಲಿ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲಕ್ಕೆ ಒಡ್ಡುತ್ತಾರೆ, ಇದು ಅಕ್ವಾಟಿಂಟ್. ಕೊನೆಗೆ ಲೇಪವನ್ನು ತೊಳೆದು, ಮಸಿಯನ್ನು ತಗ್ಗುಗಳಿಗೆ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ಒದ್ದೆಯಾದ ಕಾಗದವನ್ನು ಹೊದಿಸಿ, ಉರುಳೆಯಂತ್ರದ ಒತ್ತಡಕ್ಕೆ ಒಳಪಡಿಸಿದಾಗ ಮಸಿ ಕಾಗದಕ್ಕೇರುತ್ತದೆ. ಕಾಗದದ ಮೇಲೆ ತಗಡಿನ ಅಂಚು ಒತ್ತಿದ ಗುರುತು ಉಳಿಯುತ್ತದೆ. ಮುದ್ರಣಚಿತ್ರವನ್ನು ಪರೀಕ್ಷಿಸುವವರು ಮೊದಲು ಬೆರಳಾಡಿಸುವುದು ಆ ಅಂಚಿನ ಮೇಲೆ.

ಈ ವಿಧಾನದ ಮೂರು ಲಕ್ಷಣಗಳು ನಮ್ಮ ಚರ್ಚೆಗೆ ಮುಖ್ಯ.

ಮೊದಲನೆಯದು, ಚಿತ್ರ ಎಡಬಲ ಬದಲಾಗುವುದು. ತಗಡಿನ ಬಲಭಾಗ ಕಾಗದದಲ್ಲಿ ಎಡಕ್ಕೆ ಬರುತ್ತದೆ. ಮುಖ, ಮರ, ಹಕ್ಕಿಗಳ ಮಟ್ಟಿಗೆ ಇದು ದೊಡ್ಡ ತೊಡಕಲ್ಲ. ಅಕ್ಷರದ ಮಟ್ಟಿಗೆ ತೊಡಕೇ ಸರಿ. ಭಟ್ಟರ ಮುದ್ರಣಚಿತ್ರಗಳಲ್ಲಿ ಗುಜರಾತಿ ಮತ್ತು ದೇವನಾಗರಿ ಅಕ್ಷರಗಳು ಗಿಳಿ, ನವಿಲು, ಕಮಲ, ದೇವತೆಗಳ ಜೊತೆಗೆ ಚಿತ್ರದ ಅಂಗವಾಗಿಯೇ ಬರುತ್ತವೆ. ಅವು ಕೆಳಗೆ ಬರೆದ ಶೀರ್ಷಿಕೆಗಳಲ್ಲ. ಆಕೃತಿಯ ಒಳಗನ್ನೂ ಹಿನ್ನೆಲೆಯನ್ನೂ ತುಂಬುವ ವಿನ್ಯಾಸಗಳು. ಕಾಗದದ ಮೇಲೆ ಸರಿಯಾಗಿ ಓದಿಸಿಕೊಳ್ಳುವ ಸಾಲು ತಗಡಿನ ಮೇಲೆ ಕನ್ನಡಿಯಕ್ಷರದಲ್ಲಿರಲೇಬೇಕು. ತಲೆಕಟ್ಟಿಲ್ಲದ ಗುಜರಾತಿ ಲಿಪಿಯ ಬಾಗುಗೆರೆಗಳನ್ನು ತಿರುಗುಮುರುಗಾಗಿ ಎಳೆಯುವ ಕೈಗೆ ಅಕ್ಷರವು ಮೊದಲು ಆಕಾರ, ಆಮೇಲೆ ಧ್ವನಿ. ಭಟ್ಟರ ಚಿತ್ರಗಳಲ್ಲಿ ಅಕ್ಷರವು ಓದಿಗೆ ಸುಲಭವಾಗಿ ದಕ್ಕದೆ ಕಣ್ಣನ್ನು ತಡೆದು ನಿಲ್ಲಿಸುವುದಕ್ಕೆ ಈ ಅಭ್ಯಾಸವೂ ಒಂದು ಕಾರಣವೆಂದು ಊಹಿಸಲು ಅವಕಾಶವಿದೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' (1843) ಕಲ್ಲಚ್ಚಿನಲ್ಲಿ ಪ್ರಕಟವಾದದ್ದು ಇಲ್ಲಿ ನೆನಪಾಗುತ್ತದೆ. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಅದನ್ನೂ ತಿರುಗುಮುರುಗಾಗಿಯೇ ಬರೆಯಬೇಕು, ಇಲ್ಲವೇ ವರ್ಗಾವಣೆಯ ಕಾಗದದ ಮೊರೆಹೋಗಬೇಕು. ನಮ್ಮ ಲಿಪಿಯ ಮುದ್ರಣಚರಿತ್ರೆಯನ್ನು ಬರೆಯುವವರು ಮೊಳೆಯ ಬಗ್ಗೆ ಬರೆದಷ್ಟು ಈ ಕೈಯ ಬಗ್ಗೆ ಬರೆದಿಲ್ಲ.

ಎರಡನೆಯದು, 'ಹಂತ'ಗಳು. ಕಲಾವಿದನು ತಗಡನ್ನು ಒಮ್ಮೆ ಕೊರೆದು, ಒಂದೆರಡು ಕರಡು ಪ್ರತಿಗಳನ್ನು ತೆಗೆದು ನೋಡಿ, ಮತ್ತೆ ತಿದ್ದಿ, ಮತ್ತೆ ಪ್ರತಿ ತೆಗೆಯುತ್ತಾನೆ. ಪ್ರತಿಯೊಂದು ತಿದ್ದುಪಡಿಯ ಅನಂತರದ ಸ್ಥಿತಿಯೂ ಒಂದು ಹಂತ. ರೆಂಬ್ರಾಂಟನ 'ಮೂರು ಶಿಲುಬೆಗಳು' ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮೂರನೆಯ ಹಂತದಲ್ಲಿ 1653 ಎಂಬ ಇಸವಿಯಿದೆ. ನಾಲ್ಕನೆಯ ಹಂತದಲ್ಲಿ ಕಲಾವಿದ ಬಹುಪಾಲು ಆಕೃತಿಗಳನ್ನು ಅಳಿಸಿ, ಇಡೀ ದೃಶ್ಯವನ್ನು ಕತ್ತಲೆಯಲ್ಲಿ ಮುಳುಗಿಸಿದ್ದಾನೆ. ತಗಡು ಒಂದೇ, ಕೃತಿ ಒಂದೇ ಎನ್ನಬಹುದೇ? ಹಿಂದಿನ ಹಂತದ ಮಾತೃಕೆ ಈಗ ಇಲ್ಲವೇ ಇಲ್ಲ. ಅದರ ಅಸ್ತಿತ್ವಕ್ಕೆ ಸಾಕ್ಷಿಯಾಗಿರುವುದು ಪ್ರತಿಗಳು ಮಾತ್ರ. ಗ್ರಂಥಸಂಪಾದಕನಿಗೆ ಇದು ಚಿರಪರಿಚಿತ ಸನ್ನಿವೇಶ. ಆದರೆ ಒಂದು ವ್ಯತ್ಯಾಸವಿದೆ. ಓಲೆಯ ಪಾಠಾಂತರಗಳಲ್ಲಿ ಬಹುಪಾಲು ಅನ್ಯರ ಕೈವಾಡ. ತಗಡಿನ ಪಾಠಾಂತರಗಳು ಸಾಮಾನ್ಯವಾಗಿ ಕರ್ತೃವಿನವೇ. ಆದ್ದರಿಂದ ಇಲ್ಲಿ 'ಶುದ್ಧ ಪಾಠ'ವನ್ನು ಹುಡುಕುವುದು ನಿರರ್ಥಕ. ಎಲ್ಲ ಹಂತಗಳೂ ಶುದ್ಧವೇ.

ಮೂರನೆಯದು, ಮಿತಿ. ಪ್ರತಿ ಒತ್ತಡಕ್ಕೂ ಲೋಹ ಸ್ವಲ್ಪ ಸವೆಯುತ್ತದೆ. ಸೂಜಿಯಿಂದ ನೇರವಾಗಿ ಗೀಚಿದ ಗೆರೆಯ ಪಕ್ಕದಲ್ಲಿ ಏಳುವ ಲೋಹದ ಸಿಬಿರು ಕೆಲವೇ ಪ್ರತಿಗಳಲ್ಲಿ ಕುಸಿದುಹೋಗುತ್ತದೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 3/20 ಎಂದು ಬರೆಯುವ ಪದ್ಧತಿ ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ. ಆ ವೇಳೆಗೆ ತಗಡಿಗೆ ಉಕ್ಕಿನ ತೆಳುಲೇಪ ಕೊಟ್ಟು ಅದರ ಆಯುಷ್ಯವನ್ನು ಹೆಚ್ಚಿಸುವುದು ಸಾಧ್ಯವಾಗಿತ್ತು. ಅಂದರೆ ಸಂಖ್ಯೆಯ ಮಿತಿಯು ಲೋಹದ ಗುಣವಾಗಿದ್ದುದು ಕ್ರಮೇಣ ಕಲಾವಿದನ ವಚನವಾಗಿ ಮಾರ್ಪಟ್ಟದ್ದು ಗಣಕಕ್ಕಿಂತ ಬಹಳ ಹಿಂದೆಯೇ. ಡಿಜಿಟಲ್ ಚಿತ್ರಗಳ ವಿರುದ್ಧ ಇಂದು ಹೂಡಲಾಗುವ ವಾದಗಳಲ್ಲಿ ಅರ್ಧದಷ್ಟು ಈ ಸಂಗತಿಯನ್ನು ಮರೆತ ಕಾರಣ ಹುಟ್ಟಿದವು.

ಇಲ್ಲಿ ಕೃಷ್ಣಾ ರೆಡ್ಡಿ (1925-2018) ಅವರೊಡನೆ ಹೋಲಿಕೆ ಸಹಜವಾಗಿ ಬರುತ್ತದೆ. ಶಾಂತಿನಿಕೇತನದಿಂದ ಪ್ಯಾರಿಸಿನ 'ಅಟೆಲಿಯೆ 17' ಸೇರಿದ ರೆಡ್ಡಿಯವರು, ಎಣ್ಣೆಯ ಅಂಶ ಬೇರೆಬೇರೆಯಾಗಿರುವ ಬಣ್ಣಗಳು ಒಂದರೊಳಗೊಂದು ಬೆರೆಯದೆ ನಿಲ್ಲುವ ಗುಣವನ್ನು ಬಳಸಿ, ಮೆದು ಮತ್ತು ಗಟ್ಟಿ ಉರುಳೆಗಳಿಂದ ತಗಡಿನ ಬೇರೆಬೇರೆ ಆಳಗಳಿಗೆ ಬಣ್ಣವೂಡಿ, ಒಂದೇ ಒತ್ತಡದಲ್ಲಿ ಬಹುವರ್ಣ ಚಿತ್ರವನ್ನು ಪಡೆಯುವ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು. ಶಿಲ್ಪಿಯೂ ಆಗಿದ್ದ ಅವರಿಗೆ ತಗಡು ಕಿರುಶಿಲ್ಪವೇ ಆಗಿತ್ತು. ಅವರು ಒಂದೇ ಬಾವಿಯನ್ನು ಜೀವನಪರ್ಯಂತ ಆಳವಾಗಿ ತೋಡಿದವರು. ಭಟ್ಟರು ಹಾಗಲ್ಲ. ಎಚ್ಚಿಂಗ್, ಸ್ಕ್ರೀನ್ ಪ್ರಿಂಟ್, ಛಾಯಾಚಿತ್ರ, ಕೊನೆಗೆ ಗಣಕ - ಹೀಗೆ ಒಂದರಿಂದ ಇನ್ನೊಂದಕ್ಕೆ ಸಾಗಿದವರು. ಸಾಗುವಾಗ ಹಿಂದಿನದನ್ನು ಹೊತ್ತೇ ಸಾಗಿದವರು. ಈ ಹೊತ್ತುಕೊಂಡು ಹೋಗುವ ಗುಣವನ್ನು ಕೆಲವರು ಚಂಚಲತೆ ಎನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಅದೇ ಅವರ ಕೃತಿಶ್ರೇಣಿಯ ಕೇಂದ್ರ.

3

ತಗಡಿನ ಅನಂತರದ ಮುಖ್ಯ ಮಾಧ್ಯಮ ತೆರೆ. ಚೌಕಟ್ಟಿಗೆ ಬಿಗಿದ ರೇಷ್ಮೆ ಅಥವಾ ನೈಲಾನ್ ಬಟ್ಟೆಯಲ್ಲಿ ಬೇಡವಾದ ಭಾಗದ ರಂಧ್ರಗಳನ್ನು ಮುಚ್ಚಿ, ಉಳಿದ ಭಾಗದ ಮೂಲಕ ಬಣ್ಣವನ್ನು ರಬ್ಬರ್ ಪಟ್ಟಿಯಿಂದ ಎಳೆದು ಕೆಳಗಿನ ಕಾಗದಕ್ಕೆ ಇಳಿಸುವುದು ಈ ವಿಧಾನ. ಮದುವೆಯ ಆಮಂತ್ರಣ, ಅಂಗಡಿಯ ಫಲಕ, ಬಟ್ಟೆಯ ಚೀಲಗಳಿಗೆ ಊರೂರಲ್ಲಿ ಬಳಕೆಯಾಗುತ್ತ ಬಂದ ಸ್ಕ್ರೀನ್ ಪ್ರಿಂಟಿಂಗ್ ಇದೇ. ಈ ವಾಣಿಜ್ಯದ ನಂಟಿನಿಂದ ಬಿಡಿಸಿಕೊಳ್ಳುವ ಸಲುವಾಗಿ ಅಮೆರಿಕದಲ್ಲಿ 1940ರ ಸುಮಾರಿಗೆ 'ಸೆರಿಗ್ರಾಫ್' ಎಂಬ ಘನವಾದ ಹೆಸರನ್ನು ಹುಟ್ಟಿಸಲಾಯಿತು. ಅರ್ಧ ಶತಮಾನದ ಬಳಿಕ, 1991ರಲ್ಲಿ, ಇಂಕ್‌ಜೆಟ್ ಯಂತ್ರದಿಂದ ಬಂದ ಕಲಾಪ್ರತಿಗೆ ಜಾಕ್ ಡುಗಾನ್ ಎಂಬ ಮುದ್ರಕರು 'ಝಿಕ್ಲೇ' ಎಂದು ನಾಮಕರಣ ಮಾಡಿದರು. ಚಿಮ್ಮಿಸುವುದು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಪದವಿದು. ಹೊಸ ತಂತ್ರವೊಂದು ಕಲೆಯ ಮನೆಗೆ ಪ್ರವೇಶಿಸುವಾಗ ಮೊದಲು ಹೆಸರು ಬದಲಿಸಿಕೊಳ್ಳುತ್ತದೆ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ತೆರೆಯ ಮುದ್ರಣದಲ್ಲಿ ಚಿತ್ರ ಎಡಬಲ ತಿರುಗುವುದಿಲ್ಲ. ಅಕ್ಷರವನ್ನು ನೇರವಾಗಿಯೇ ಇಡಬಹುದು. ಒಂದೊಂದು ಬಣ್ಣಕ್ಕೆ ಒಂದೊಂದು ತೆರೆ ಬೇಕು. ಆದ್ದರಿಂದ ಕಲಾವಿದನು ಚಿತ್ರವನ್ನು ಮನಸ್ಸಿನಲ್ಲಿಯೇ ಪದರಗಳಾಗಿ ಬಿಡಿಸಬೇಕಾಗುತ್ತದೆ: ಮೊದಲು ಹಳದಿ, ಅದರ ಮೇಲೆ ಕೆಂಪು, ಕೊನೆಗೆ ಕಪ್ಪು. ಛಾಯಾಚಿತ್ರವನ್ನು ಬೆಳಕಿಗೆ ಸ್ಪಂದಿಸುವ ಲೇಪದ ಮೂಲಕ ತೆರೆಗೆ ಇಳಿಸುವುದೂ ಸಾಧ್ಯ. ಗಣಕದ ಚಿತ್ರತಂತ್ರಾಂಶಗಳಲ್ಲಿ 'ಲೇಯರ್' ಎಂದು ಕರೆಯುವುದು ಈ ತರ್ಕವನ್ನೇ. ಮೊದಲ ಬಾರಿಗೆ ಗಣಕದ ಮುಂದೆ ಕುಳಿತ ಚಿತ್ರಕಾರನೊಬ್ಬನಿಗೆ ಪದರಗಳ ಕಲ್ಪನೆ ವಿಚಿತ್ರವೆನಿಸಬಹುದು. ವರ್ಷಗಟ್ಟಲೆ ತೆರೆಗಳನ್ನು ಜೋಡಿಸಿದವನಿಗೆ ಅದು ಹಳೆಯ ಅಭ್ಯಾಸದ ಮುಂದುವರಿಕೆ.

1960ರ ದಶಕದ ಕೊನೆಯಲ್ಲಿ ಗುಜರಾತಿನ ಜಾನಪದ ಕಲೆಯನ್ನು ಕುರಿತ ವಿಚಾರಸಂಕಿರಣವೊಂದಕ್ಕಾಗಿ ಛಾಯಾಚಿತ್ರ ತೆಗೆಯುವ ಕೆಲಸ ಭಟ್ಟರಿಗೆ ಬಂದಿತು. ಒಪ್ಪಿಕೊಂಡ ಕೆಲಸ ಬದುಕಿನ ಕೆಲಸವಾಯಿತು. ಗುಜರಾತ್, ರಾಜಸ್ಥಾನ ಮುಂತಾದ ಪ್ರದೇಶಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮೇಲೆ, ಅಂಗಳದ ನೆಲದ ಮೇಲೆ, ಕಸೂತಿಯ ತೋರಣದ ಮೇಲೆ, ಮೈಮೇಲಿನ ಹಚ್ಚೆಯಲ್ಲಿ ಹೆಂಗಸರು ಬಿಡಿಸುತ್ತ ಬಂದ ಆಕೃತಿಗಳನ್ನು ಅವರು ದಶಕಗಳ ಕಾಲ ದಾಖಲಿಸಿದರು. ಅವುಗಳಲ್ಲಿ ಹಲವು ಬಹುಬೇಗ ಕಣ್ಮರೆಯಾಗುತ್ತಿದ್ದವು. ರಾಜಸ್ಥಾನದ ಮಾಂಡಣಾ ಚಿತ್ರಗಳು, ನಮ್ಮ ಮಲೆನಾಡಿನ ದೀವರ ಹಸೆ ಚಿತ್ತಾರದಂತೆಯೇ, ಹಬ್ಬಹಬ್ಬಕ್ಕೆ ಬರೆದು ಅಳಿಸಿ ಮತ್ತೆ ಬರೆಯುವಂಥವು. ಅಲ್ಲಿ ಮೂಲ ಎಂಬುದು ಗೋಡೆಯ ಮೇಲಿಲ್ಲ, ಬರೆಯುವವಳ ಕೈಯ ನೆನಪಿನಲ್ಲಿದೆ. ಪ್ರತಿ ವರ್ಷದ ಚಿತ್ರವೂ ಒಂದು ಪ್ರತಿ; ಆದರೆ ಯಾವುದರ ಪ್ರತಿ ಎಂದು ಕೇಳಿದರೆ ತೋರಿಸಲು ಮಾತೃಕೆಯೇ ಇಲ್ಲ. ಮೌಖಿಕ ಕಾವ್ಯಗಳ ಪಾಠವನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಒಬ್ಬ ಗಾಯಕನ ಒಂದು ರಾತ್ರಿಯ ಹಾಡುಗಾರಿಕೆ ಅಚ್ಚಾದೊಡನೆ ಅದು 'ಮೂಲ ಪಠ್ಯ'ವಾಗಿಬಿಡುವ ಅಪಾಯದ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಭಟ್ಟರ ಛಾಯಾಚಿತ್ರಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಆದರೆ ಅವರ ಛಾಯಾಚಿತ್ರಗಳಲ್ಲಿ ಗೋಡೆಯೊಡನೆ ಬರೆಯುವ ಹೆಂಗಸೂ, ಆಟವಾಡುವ ಮಗುವೂ, ಮನೆಯ ದನವೂ ಇರುವುದು ವಾಡಿಕೆ. ವಿನ್ಯಾಸವನ್ನು ಅದರ ಬದುಕಿನಿಂದ ಕತ್ತರಿಸಿ ತೆಗೆದ ಮಾದರಿಪುಸ್ತಕ ಅದಲ್ಲ.

ಈ ದಾಖಲೆಯ ಕೆಲಸ ಮುದ್ರಣಚಿತ್ರಗಳ ಒಳಕ್ಕೆ ಹರಿದ ಬಗೆಯನ್ನು ಸರಳವಾಗಿ 'ಜಾನಪದ ಪ್ರಭಾವ' ಎಂದು ಹೇಳಿ ಮುಗಿಸುವ ರೂಢಿಯಿದೆ. ಆ ವಿವರಣೆ ಸಾಲದು. ಹಳ್ಳಿಯ ಗಿಳಿ ಅಥವಾ ಕಲ್ಪವೃಕ್ಷ ಭಟ್ಟರ ಚಿತ್ರದಲ್ಲಿ ಬಂದಾಗ ಅದು ಗ್ರಾಮೀಣ ಮುಗ್ಧತೆಯ ಸಂಕೇತವಾಗಿ ಬರುವುದಿಲ್ಲ. ನ್ಯೂಯಾರ್ಕಿನ ಪಾಪ್ ಕಲೆಯ ಕಾಲದಲ್ಲಿ ಅಲ್ಲಿದ್ದು ಬಂದ ಕಲಾವಿದನಿಗೆ ಒಂದು ಚಿಹ್ನೆ ಜಾಹೀರಾತಿನಿಂದ ಬಂದರೂ ತೋರಣದಿಂದ ಬಂದರೂ ಅದು ಪುನರಾವರ್ತನೆಯಿಂದಲೇ ಬದುಕುತ್ತದೆ ಎಂಬುದು ತಿಳಿದಿತ್ತು. ಅವರ ಚಿತ್ರಗಳಲ್ಲಿ ಲಘುಹಾಸ್ಯವೂ ವ್ಯಂಗ್ಯವೂ ಇರುವುದು ಈ ಕಾರಣಕ್ಕೆ. ಮುದ್ರಣಮಾಧ್ಯಮದ ಸ್ವಭಾವವೂ ತೋರಣದ ಸ್ವಭಾವವೂ ಒಂದೇ: ಮತ್ತೆ ಮತ್ತೆ ಅದನ್ನೇ ಮಾಡುವುದು, ಪ್ರತಿಬಾರಿಯೂ ತುಸು ಬೇರೆಯಾಗಿ.

4

1990ರಲ್ಲಿ 'ಫೋಟೋಶಾಪ್' ತಂತ್ರಾಂಶ ಮಾರುಕಟ್ಟೆಗೆ ಬಂದಾಗ ಭಟ್ಟರಿಗೆ ಐವತ್ತಾರರ ಆಸುಪಾಸು. ಆ ವಯಸ್ಸಿನಲ್ಲಿ ಹೆಚ್ಚಿನ ಕಲಾವಿದರು ಹೆಸರುವಾಸಿಯಾದ ಶೈಲಿಯನ್ನು ಕಾಪಾಡಿಕೊಳ್ಳುವತ್ತ ಗಮನಕೊಡುತ್ತಾರೆ. ಭಟ್ಟರು ಅನಂತರದ ವರ್ಷಗಳಲ್ಲಿ ಗಣಕದ ಮೂಲಕ ಚಿತ್ರ ರಚಿಸುವ, ಮುದ್ರಿಸುವ ವಿಧಾನಗಳಿಗೆ ತೆರೆದುಕೊಂಡರು. ಬರೋಡೆಯಲ್ಲಿ ಮುದ್ರಣಚಿತ್ರಕ್ಕೆ ನೆಲೆಯೊದಗಿಸಿದ ಹಿರಿಯರೇ ಹೀಗೆ ಮಾಡಿದ್ದು ಮುದ್ರಣಚಿತ್ರದ ವ್ಯಾಖ್ಯೆಯನ್ನೇ ಮತ್ತೆ ಕೆದಕುವಂತೆ ಮಾಡುತ್ತದೆ.

ಆ ವ್ಯಾಖ್ಯೆ ಯಾವುದು? 1960ರಲ್ಲಿ ವಿಯೆನ್ನಾದಲ್ಲಿ ನಡೆದ ಕಲಾವಿದರ ಅಂತರರಾಷ್ಟ್ರೀಯ ಸಮಾವೇಶವು 'ಮೂಲ ಮುದ್ರಣಚಿತ್ರ'ಕ್ಕೆ ಲಕ್ಷಣ ಹೇಳಿತು. ಅದರ ಸಾರಾಂಶವಿಷ್ಟು: ತಗಡನ್ನು ಕೊರೆಯುವುದು, ಮರವನ್ನು ಕೆತ್ತುವುದು ಅಥವಾ ಕಲ್ಲಿನ ಮೇಲೆ ಬರೆಯುವುದು ಕಲಾವಿದನಿಂದಲೇ ಆಗಿರಬೇಕು, ಪ್ರತಿಯ ಮೇಲೆ ಸಹಿಯೂ ಸಂಖ್ಯೆಯೂ ಇರಬೇಕು, ಈ ನಿಯಮಕ್ಕೆ ಒಳಪಡದವು ಕೇವಲ ಪ್ರತಿಕೃತಿಗಳು. ಮರುವರ್ಷ ಅಮೆರಿಕದ ಪ್ರಿಂಟ್ ಕೌನ್ಸಿಲ್ ಇದೇ ಜಾಡಿನಲ್ಲಿ ಕಿರುಹೊತ್ತಗೆಯೊಂದನ್ನು ಹೊರತಂದಿತು. ಈ ನಿಯಮಗಳ ಹಿಂದಿದ್ದುದು ಶುದ್ಧ ಸೌಂದರ್ಯಶಾಸ್ತ್ರವಲ್ಲ. ಪ್ರಸಿದ್ಧ ಚಿತ್ರಗಳ ಛಾಯಾಮುದ್ರಿತ ಪ್ರತಿಗಳನ್ನು ಸಹಿಯ ಬಲದಿಂದ ಮಾರುತ್ತಿದ್ದ ವ್ಯಾಪಾರವನ್ನು ತಡೆಯುವ ಕಾಳಜಿ. ಭಾರತದಲ್ಲಿ ಈ ಅನುಮಾನಕ್ಕೆ ಇನ್ನೊಂದು ಬೇರೂ ಇದೆ. 1894ರಲ್ಲಿ ಆರಂಭವಾದ ರವಿವರ್ಮಾ ಮುದ್ರಣಾಲಯದ ದೇವದೇವಿಯರ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಗೇರಿದ ಬಳಿಕ 'ಅಚ್ಚಾದ ಚಿತ್ರ' ಎಂದರೆ ಅಗ್ಗದ ನಕಲು ಎಂಬ ಭಾವನೆ ಗಟ್ಟಿಯಾಯಿತು. ತಗಡನ್ನು ತಾವೇ ಕೊರೆಯುವ ಕಲಾವಿದರು ಈ ಭಾವನೆಯ ವಿರುದ್ಧ ದಶಕಗಳ ಕಾಲ ಹೆಣಗಬೇಕಾಯಿತು. ಅಂಥವರಿಗೆ ಗುಂಡಿ ಒತ್ತಿದರೆ ಹೊರಬರುವ ಚಿತ್ರ ಹಿಂದಕ್ಕೆ ಇಟ್ಟ ಹೆಜ್ಜೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಯಾಂತ್ರಿಕ ಪುನರುತ್ಪಾದನೆಯ ಯುಗದ ಕಲಾಕೃತಿಯನ್ನು ಕುರಿತು ಬರೆದ ಪ್ರಬಂಧವನ್ನು ಇಂಥ ಚರ್ಚೆಗಳಲ್ಲಿ ಉಲ್ಲೇಖಿಸುವುದು ಪರಿಪಾಠವಾಗಿದೆ. ಅನನ್ಯ ಕೃತಿಯ ಸುತ್ತಲಿನ ಪ್ರಭಾವಲಯವು ಪುನರುತ್ಪಾದನೆಯಲ್ಲಿ ಕರಗುತ್ತದೆಂಬ ಅವರ ವಾದ ನಮ್ಮ ವಿಮರ್ಶೆಗೆ ಸುಪರಿಚಿತ. ಮುದ್ರಣಚಿತ್ರದ ಮಟ್ಟಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಇಲ್ಲಿ ಪುನರುತ್ಪಾದನೆಗೆ ಮುಂಚೆ ಅನನ್ಯ ಕೃತಿಯೊಂದು ಇದ್ದೇ ಇಲ್ಲ. ತಗಡನ್ನು ಗೋಡೆಗೆ ತೂಗುಹಾಕಿ ಅದೇ ಕೃತಿಯೆಂದು ಯಾರೂ ಹೇಳುವುದಿಲ್ಲ. ಆವೃತ್ತಿ ಮುಗಿದ ಮೇಲೆ ತಗಡಿಗೆ ಅಡ್ಡಗೆರೆ ಎಳೆದು ಕೆಡಿಸುವ ಪದ್ಧತಿಯೇ ಇದೆ. ಮಾತೃಕೆಯನ್ನು ಕೊಂದು ಪ್ರತಿಗಳ ಮೌಲ್ಯ ಕಾಪಾಡುವುದು! ಗ್ರಂಥಸಂಪಾದಕನ ಎದೆ ಒಡೆಯುವಂಥ ಕ್ರಿಯೆ.

ಹಾಗಾದರೆ ಡಿಜಿಟಲ್ ಮುದ್ರಣಚಿತ್ರವನ್ನು ಮೂಲವೆನ್ನಲು ಇರುವ ತೊಡಕು ಯಾವುದು? ಕಲಾವಿದನ ಕೈ ಇಲ್ಲವೆಂಬುದು ನಿಜವಲ್ಲ. ಗಣಕದಲ್ಲಿ ಹಳೆಯ ಛಾಯಾಚಿತ್ರ, ಕೈಗೆರೆ, ಅಕ್ಷರ, ಬಣ್ಣಗಳನ್ನು ಪದರಪದರವಾಗಿ ಜೋಡಿಸುವವನು ತೆರೆಗಳನ್ನು ಜೋಡಿಸಿದವನಷ್ಟೇ ನಿರ್ಧಾರಗಳನ್ನು ಕೈಗೊಳ್ಳುತ್ತಾನೆ. ಸಂಖ್ಯೆಗೆ ಮಿತಿಯಿಲ್ಲವೆಂಬ ಆಕ್ಷೇಪಕ್ಕೆ ಉತ್ತರವನ್ನು ಮೇಲೆಯೇ ಸೂಚಿಸಿದೆ. ನಮ್ಮ ದೃಷ್ಟಿಯಲ್ಲಿ ನಿಜವಾದ ನಷ್ಟ ಎರಡು. ಒಂದು, ವಸ್ತುವಿನ ಪ್ರತಿರೋಧ. ಆಮ್ಲ ಒಂದು ನಿಮಿಷ ಹೆಚ್ಚು ಕೊರೆದರೆ ಗೆರೆ ಹಾಳಾಗುತ್ತದೆ. ಹಾಳಾದ ಗೆರೆಯೇ ಹೊಸ ದಾರಿಯನ್ನು ತೋರಿಸುವುದೂ ಉಂಟು. ಗಣಕದಲ್ಲಿ ಮಾಡಿದ್ದನ್ನು ಹಿಂದೆಗೆದುಕೊಳ್ಳುವ ಸೌಲಭ್ಯವಿರುವಾಗ ಇಂಥ ಒತ್ತಾಯ ಹುಟ್ಟುವುದು ಅಪರೂಪ. ತಗಡಿನ ಎಡಬಲಗಳ ತಿರುವಿನಿಂದ ಅಕ್ಷರಕ್ಕೆ ಒದಗುತ್ತಿದ್ದ ಅಪರಿಚಿತತೆಯೂ ಇಲ್ಲಿಲ್ಲ. ಒಂದು ಆಜ್ಞೆಯಿಂದ ಚಿತ್ರವನ್ನು ತಿರುಗಿಸಬಹುದು, ಮರುಕ್ಷಣ ಹಿಂದಕ್ಕೂ ತರಬಹುದು. ಇನ್ನೊಂದು, ಹಂತಗಳ ಸಾಕ್ಷ್ಯ. ಇದು ಸಂಶೋಧಕನಿಗೆ ತಗಲುವ ನಷ್ಟ.

5

ತಗಡಿನ ಕಾಲದಲ್ಲಿ ಕರಡು ಪ್ರತಿಗಳು ತಾವಾಗಿಯೇ ಉಳಿಯುತ್ತಿದ್ದವು. ಕಲಾವಿದ ನೋಡಲೆಂದು ಕಾಗದದ ಮೇಲೆ ತೆಗೆದ ಪ್ರತಿ ಸಂಗ್ರಹದ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಕಡತದಲ್ಲಿ ಹಾಗಲ್ಲ. ಹಳೆಯ ಸ್ಥಿತಿಯ ಮೇಲೆ ಹೊಸ ಸ್ಥಿತಿಯನ್ನು ಉಳಿಸಿದರೆ ಹಳೆಯದು ಕುರುಹಿಲ್ಲದೆ ಅಳಿಯುತ್ತದೆ. ಪದರಗಳನ್ನು ಒಂದುಗೂಡಿಸಿ ಅಂತಿಮ ರೂಪದಲ್ಲಿ ಮಾತ್ರ ಉಳಿಸಿದ ಕಡತವು ಲಿಪಿಕಾರನ ಹೆಸರೂ ಕಾಲವೂ ಇಲ್ಲದ ಪ್ರತಿಯಂತೆ. ಕಡತದ ಮೇಲಿರುವ ದಿನಾಂಕವೂ ನಂಬಲರ್ಹವಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಿಸುವಾಗ ಅದು ಬದಲಾಗಬಹುದು.

ಕನ್ನಡ ಅಧ್ಯಾಪಕರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಪ್ರೌಢಪ್ರಬಂಧಗಳನ್ನು ಇಂದು ತೆರೆದರೆ, ಆ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದಲ್ಲಿ, ಕಾಣುವುದು ರೋಮನ್ ಅಕ್ಷರಗಳ, ಚಿಹ್ನೆಗಳ ರಾಶಿ. ಕಡತ ಇದೆ, ಪಾಠ ಇಲ್ಲ. ಮುದ್ರಿಸಿ ಕಟ್ಟಿಸಿದ ಪ್ರತಿಯೊಂದು ವಿಭಾಗದ ಕಪಾಟಿನಲ್ಲಿದ್ದರೆ ಅದೇ ಆಧಾರ. ಡಿಜಿಟಲ್ ಚಿತ್ರದ ವಿಷಯದಲ್ಲಿಯೂ ಹೀಗೆಯೇ: ತಂತ್ರಾಂಶದ ಹಳೆಯ ಆವೃತ್ತಿ, ಬಣ್ಣಗಳ ಹೊಂದಾಣಿಕೆ, ನಿಂತುಹೋದ ಮುದ್ರಣಯಂತ್ರ ಇವುಗಳಲ್ಲಿ ಯಾವುದೊಂದು ತಪ್ಪಿದರೂ ಅದೇ ಕಡತದಿಂದ ಬೇರೆಯೇ ಚಿತ್ರ ಹೊರಬರುತ್ತದೆ. ಮೊದಲ ತಲೆಮಾರಿನ ಇಂಕ್‌ಜೆಟ್ ಕಲಾಪ್ರತಿಗಳ ಮಸಿ ಬೆಳಕಿಗೆ ಬೇಗನೆ ಮಾಸುತ್ತಿತ್ತು. ವರ್ಣಕಣಗಳ ಮಸಿ ಬಂದ ಬಳಿಕ ಸ್ಥಿತಿ ಸುಧಾರಿಸಿದೆ. ಕಾಗದದ ಮೇಲಿನ ಎಚ್ಚಿಂಗ್ ಮಾತ್ರ ರೆಂಬ್ರಾಂಟನ ಕಾಲದಿಂದ ಇಂದಿನವರೆಗೂ ಓದಿಸಿಕೊಳ್ಳುತ್ತಿದೆ.

ಭಟ್ಟರ ವಿಷಯದಲ್ಲಿ ಸಂಶೋಧಕರಿಗೆ ಅದೃಷ್ಟವೂ ಇದೆ. ಅವರ ದಾಖಲೆಗಳನ್ನು ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಸಂಸ್ಥೆಯು ಬರೋಡೆಯ ಇತರ ಕಲಾವಿದರ ದಾಖಲೆಗಳ ಜೊತೆಗೆ ಡಿಜಿಟಲೀಕರಿಸಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿ ಅವರ ಛಾಯಾಚಿತ್ರಗಳು ಗಣನೀಯ ಪ್ರಮಾಣದಲ್ಲಿವೆ. ಆ ಸಂಗ್ರಹಾಲಯದ ಆರಂಭದ ಪ್ರದರ್ಶನಗಳಲ್ಲೊಂದು ಭಟ್ಟರ ಛಾಯಾಚಿತ್ರಗಳದೇ ಆಗಿತ್ತು. ಗೋಡೆಯ ಗಿಳಿ ಛಾಯಾಚಿತ್ರಕ್ಕೆ, ಅಲ್ಲಿಂದ ತಗಡಿಗೆ, ತೆರೆಗೆ, ಕಡತಕ್ಕೆ ಸಾಗಿದ ದಾರಿಯನ್ನು ಹಿಡಿದು ಒಂದೊಂದು ಆಕೃತಿಯ 'ಪಾಠಾಂತರ ಪಟ್ಟಿ' ತಯಾರಿಸುವ ಕೆಲಸವನ್ನು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಬೆಂಗಳೂರಿನಿಂದಲೇ ಆರಂಭಿಸಬಹುದು. ಗುಜರಾತಿ ಓದಬಲ್ಲವರೊಬ್ಬರ ನೆರವು ಅಗತ್ಯ. ಚಿತ್ರದೊಳಗಿನ ಬರಹವನ್ನು ವಿನ್ಯಾಸವೆಂದಷ್ಟೇ ನೋಡಿ ಮುಂದೆ ಸಾಗಿದ ವಿಮರ್ಶೆ ಈಗಾಗಲೇ ಬೇಕಾದಷ್ಟಿದೆ.

ಇಂಥ ಪಟ್ಟಿಯಲ್ಲಿ ಏನೇನು ನಮೂದಾಗಬೇಕು ಎಂಬುದಕ್ಕೆ ಹಳೆಯ ನಿದರ್ಶನವೊಂದು ದಾರಿ ತೋರುತ್ತದೆ. ಗೋಯಾ ತೀರಿಕೊಂಡದ್ದು 1828ರಲ್ಲಿ. ಅವನ 'ಯುದ್ಧದ ಅನಾಹುತಗಳು' ಮಾಲಿಕೆಯ ತಗಡುಗಳಿಂದ ಮೊದಲ ಆವೃತ್ತಿ ಹೊರಬಂದದ್ದು 1863ರಲ್ಲಿ. ಆ ಪ್ರತಿಗಳನ್ನು ಯಾರೂ ನಕಲಿಯೆನ್ನುವುದಿಲ್ಲ. ತಗಡು ಕೊರೆದ ಕಾಲ, ಪ್ರತಿ ತೆಗೆದ ಕಾಲ ಎರಡನ್ನೂ ಬೇರೆಬೇರೆಯಾಗಿ ನಮೂದಿಸುತ್ತಾರೆ. ಮಸಿಯನ್ನು ಒರೆಸಿದ ಕೈ ಗೋಯಾನದಲ್ಲವೆಂಬುದು ತಿಳಿದಿರುವುದರಿಂದ, ಅವನು ತಾನೇ ತೆಗೆದ ಕೆಲವೇ ಕರಡು ಪ್ರತಿಗಳೊಡನೆ ಹೋಲಿಸಿ ನೋಡುತ್ತಾರೆ. ಡಿಜಿಟಲ್ ಮುದ್ರಣಚಿತ್ರಕ್ಕೂ ಕಡತ ರೂಪುಗೊಂಡ ವರ್ಷ, ಪ್ರತಿ ಮುದ್ರಣವಾದ ವರ್ಷ, ಯಂತ್ರ, ಮಸಿ, ಕಾಗದ, ಮುದ್ರಣದ ವೇಳೆ ಕಲಾವಿದ ಉಪಸ್ಥಿತನಿದ್ದನೇ ಎಂಬ ವಿವರ, ಬಳಸಿಕೊಂಡ ಹಳೆಯ ಛಾಯಾಚಿತ್ರ ಅಥವಾ ತಗಡಿನ ಗುರುತು ಇಷ್ಟನ್ನು ಬರೆದಿಡಬೇಕು. ಕಲಾವಿದನೇ ಒಪ್ಪಿ ಸಹಿ ಮಾಡಿದ ಒಂದು ಕಾಗದದ ಪ್ರತಿಯನ್ನು ಆಧಾರಪ್ರತಿಯಾಗಿ ತೆಗೆದಿರಿಸಬೇಕು. ಮುಂದೊಂದು ದಿನ ಕಡತದಿಂದ ಹೊಸ ಪ್ರತಿ ಹೊರಬಂದರೆ ಅದನ್ನು ಪಕ್ಕದಲ್ಲಿಟ್ಟು ನೋಡುವುದಕ್ಕೆ.